ಡ್ರೈವ್ ತನ್ನ ಬಗ್ಗೆ ಕೊಡುವ ಸಾಕ್ಷ್ಯ: ಎಸ್‌ಎಸ್‌ಡಿಗಳನ್ನು ಕಮಾಂಡ್ ಮೂಲಕ ವಿಚಾರಿಸುವುದರ ಚರಿತ್ರೆ

ಗಡಿಭಾಗದ ಕನ್ನಡದ ಬಗ್ಗೆ ನಡೆಯುವ ಈ ಮಾಲಿಕೆಯಲ್ಲಿ ಎಸ್‌ಎಸ್‌ಡಿಗೆ ಏನು ಕೆಲಸ ಅಂತ ಕೆಲವರಿಗೆ ಅನ್ನಿಸಬಹುದು. ಕಾಸರಗೋಡಿರಲಿ, ತಾಳವಾಡಿ ಇರಲಿ, ಅಕ್ಕಲಕೋಟೆ ಇರಲಿ, ಕ್ಷೇತ್ರಕಾರ್ಯದಲ್ಲಿ ನಾವು ಸಂಗ್ರಹಿಸುವ ಹಾಡು, ಕಥೆ, ಹಳೆ ಕಾಗದಗಳ ಫೋಟೊ ಎಲ್ಲ ಈಗ ಹೋಗಿ ಸೇರುವುದು ಬೆರಳುದ್ದದ ಒಂದು ಡ್ರೈವಿಗೆ. ಹಾಡಿದ ಅಜ್ಜಿ ಇನ್ನೊಮ್ಮೆ ಸಿಗುತ್ತಾರೆ ಅಂತ ಹೇಳಲಿಕ್ಕಾಗುವುದಿಲ್ಲ. ಹಾಗಾಗಿ ಆ ಡ್ರೈವಿನ ಆಯುಷ್ಯ ಎಷ್ಟು ಉಳಿದಿದೆ ಎಂದು ಕೇಳುವ ವಿಧಾನ ಎಲ್ಲಿಂದ ಬಂತು, ಅದು ಕೊಡುವ ಉತ್ತರವನ್ನು ಎಷ್ಟು ನಂಬಬಹುದು ಎಂಬುದು ನಮಗೂ ಸಂಬಂಧಿಸಿದ ಪ್ರಶ್ನೆಯೇ.

ಡ್ರೈವ್ ತನ್ನ ಆರೋಗ್ಯವನ್ನು ತಾನೇ ಹೇಳಬೇಕೆಂಬ ಯೋಚನೆ ಎಸ್‌ಎಸ್‌ಡಿಗಿಂತ ಹಳೆಯದು. 1992ರಲ್ಲಿ ಐಬಿಎಂ ತನ್ನ ದೊಡ್ಡ ಯಂತ್ರಗಳ ಡಿಸ್ಕುಗಳಿಗೆ ವೈಫಲ್ಯವನ್ನು ಮುಂಚಿತವಾಗಿ ಊಹಿಸುವ ವ್ಯವಸ್ಥೆ ತಂದಿತು. ಆಮೇಲೆ ಕಂಪ್ಯಾಕ್ ಕಂಪನಿ ಡಿಸ್ಕ್ ತಯಾರಕರ ಜೊತೆ ಸೇರಿ ಇಂಥದ್ದೇ ಒಂದನ್ನು ಮಾಡಿ, 1995ರಲ್ಲಿ ಎಲ್ಲರೂ ಬಳಸುವ ಮಾನದಂಡಕ್ಕಾಗಿ ಮುಂದಿಟ್ಟಿತು. ಅದರಿಂದ ಬಂದದ್ದೇ 'ಸ್ಮಾರ್ಟ್' ಎಂಬ ಹೆಸರು. ಆದರೆ ಒಂದು ದೊಡ್ಡ ಕೊರತೆ ಉಳಿಯಿತು. ಅಂಕಿಗಳನ್ನು ಕೊಡುವ ರೀತಿ ಒಂದಾಯ್ತು, ಅಂಕಿಗಳ ಅರ್ಥ ಒಂದಾಗಲಿಲ್ಲ. ಒಂದೇ ಲಿಪಿಯಲ್ಲಿ ಹತ್ತು ಭಾಷೆ ಬರೆದ ಹಾಗೆ.

ಈ ಗೊಂದಲವನ್ನು ಬಿಡಿಸಿದ್ದು ಒಬ್ಬ ಭೌತವಿಜ್ಞಾನಿ ಅನ್ನುವುದು ಸ್ವಾರಸ್ಯದ ವಿಷಯ. ಗುರುತ್ವ ಅಲೆಗಳ ಸಂಶೋಧಕ ಬ್ರೂಸ್ ಅಲೆನ್ 2002ರಲ್ಲಿ, ಅಮೆರಿಕದ ವಿಸ್ಕಾನ್ಸಿನ್-ಮಿಲ್ವಾಕಿ ವಿಶ್ವವಿದ್ಯಾಲಯದಲ್ಲಿದ್ದಾಗ, 'ಸ್ಮಾರ್ಟ್‌ಮಾನ್‌ಟೂಲ್ಸ್' ಆರಂಭಿಸಿದರು. ಅದಕ್ಕೆ ಆಧಾರ ಮೈಕಲ್ ಕಾರ್ನ್‌ವೆಲ್ ಬರೆದಿದ್ದ ಹಳೆಯ ತಂತ್ರಾಂಶ. ಇದರೊಳಗಿನ 'ಸ್ಮಾರ್ಟ್‌ಸಿಟಿಎಲ್' ಎಂಬ ಕಮಾಂಡ್ ಇವತ್ತಿಗೂ ಬಳಕೆಯಲ್ಲಿ ಉಂಟು. ಇದರ ನಿಜವಾದ ಆಸ್ತಿ ಎಂದರೆ ಜೊತೆಗಿರುವ ಮಾದರಿಗಳ ಪಟ್ಟಿ. ಯಾವ ಕಂಪನಿಯ ಯಾವ ಡ್ರೈವಿನಲ್ಲಿ ಯಾವ ಅಂಕಿಗೆ ಏನರ್ಥ ಎಂಬ ನಿಘಂಟು ಅದು, ಬಳಸುವವರೇ ಸೇರಿಸುತ್ತಾ ಬಂದದ್ದು. ಕಿಟೆಲರ ನಿಘಂಟನ್ನು ದಿನಾ ತಿರುವಿಹಾಕುವ ನಮಗೆ ಆ ಶ್ರಮ ಎಂಥದ್ದು ಅಂತ ಬೇಗ ಅರ್ಥವಾಗ್ತದೆ.

2011ರಲ್ಲಿ ಎನ್‌ವಿಎಂಇ ಮಾನದಂಡದ ಮೊದಲ ಆವೃತ್ತಿ ಬಂದಾಗ ಈ ಕೊರತೆ ಬಹುಮಟ್ಟಿಗೆ ತುಂಬಿತು. ಲಿನಕ್ಸಿನಲ್ಲಿ 'ಎನ್‌ವಿಎಂಇ ಸ್ಮಾರ್ಟ್-ಲಾಗ್' ಎಂದು ಕೇಳಿದರೆ ಡ್ರೈವ್ 512 ಬೈಟಿನ ಒಂದು ಪುಟ ಕಳಿಸ್ತದೆ. ಉಷ್ಣತೆ, ಮೀಸಲು ಕೋಶಗಳ ಪ್ರಮಾಣ, ಓಡಿದ ಗಂಟೆಗಳು, ಹೇಳದೆ ಕೇಳದೆ ಕರೆಂಟು ಹೋದ ಸಲಗಳು, ಎಲ್ಲದಕ್ಕೂ ಗೊತ್ತಾದ ಜಾಗ. ಬರೆದ ದತ್ತಾಂಶದ ಲೆಕ್ಕ ಮಾತ್ರ ಸ್ವಲ್ಪ ವಿಚಿತ್ರ, ಅಲ್ಲಿ ಒಂದು ಘಟಕ ಅಂದ್ರೆ 5,12,000 ಬೈಟು. 'ಬಳಕೆಯಾದ ಶೇಕಡಾ' ಎಂಬ ಅಂಕಿ ನೂರನ್ನು ದಾಟಿ 255ರವರೆಗೂ ಹೋಗಬಹುದು. ನೂರು ಆದ ಕೂಡಲೇ ಡ್ರೈವ್ ಸಾಯುವುದಿಲ್ಲ. ತಯಾರಕರು ಅಂದಾಜಿಸಿದ ಸವೆತದ ಮಿತಿ ಮುಗಿಯಿತು ಅಂತ ಅಷ್ಟೆ.

ಈ ಉತ್ತರ ಕೊಡುವವರು ಯಾರು ಎಂಬುದನ್ನು ಮರೆಯಬಾರದು. ಫ್ಲ್ಯಾಶ್ ಕೋಶಗಳ ನಿಜವಾದ ವಿನ್ಯಾಸ ಕಂಪ್ಯೂಟರಿಗೆ ಕಾಣುವುದೇ ಇಲ್ಲ, ನಡುವೆ ತಯಾರಕರ ಫರ್ಮ್‌ವೇರ್ ಕೂತಿರ್ತದೆ. ಶಾಸನದ ಪ್ರಶಸ್ತಿ ಭಾಗವನ್ನು ಓದುವಾಗ ಕೆತ್ತಿಸಿದವರು ಯಾರು ಎಂದು ಕೇಳುತ್ತೇವಲ್ಲ, ಇಲ್ಲಿಯೂ ಕೇಳಬೇಕು. 2007ರಲ್ಲಿ ಗೂಗಲ್ ಸಂಶೋಧಕರು ಒಂದು ಲಕ್ಷಕ್ಕೂ ಮಿಕ್ಕಿದ ಹಾರ್ಡ್ ಡಿಸ್ಕುಗಳನ್ನು ಗಮನಿಸಿ ಬರೆದ ಪ್ರಬಂಧದಲ್ಲಿ, ಕೆಟ್ಟುಹೋದ ಡಿಸ್ಕುಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ.

ಎಸ್‌ಎಸ್‌ಡಿಯ ಉದಾಹರಣೆ ಇನ್ನೂ ಗಂಭೀರ. 2019ರ ನವೆಂಬರಿನಲ್ಲಿ ಎಚ್‌ಪಿಇ ಕಂಪನಿ ತನ್ನ ಕೆಲವು ಸರ್ವರ್ ಎಸ್‌ಎಸ್‌ಡಿಗಳು 32,768 ಗಂಟೆ ಓಡಿದ ಮೇಲೆ ಕೆಡುತ್ತವೆ, ಆಮೇಲೆ ದತ್ತಾಂಶ ಮರಳಿ ಸಿಗುವುದಿಲ್ಲ ಎಂದು ಪ್ರಕಟಿಸಿತು. ಅಂದರೆ 3 ವರ್ಷ 270 ದಿನ 8 ಗಂಟೆ. ಚಿಹ್ನೆ ಸಹಿತವಾದ 16 ಬಿಟ್ಟಿನ ಸಂಖ್ಯೆಯಲ್ಲಿ ಹಿಡಿಯುವ ಅತಿ ದೊಡ್ಡ ಅಂಕಿ 32,767. ಅದಕ್ಕಿಂತ ಒಂದೇ ಒಂದು ಹೆಚ್ಚು. ಕೋಶಗಳು ಸವೆದಿರಲಿಲ್ಲ, ದೋಷ ಫರ್ಮ್‌ವೇರಿನದು. ಒಂದೇ ದಿನ ಚಾಲೂ ಮಾಡಿದ ಡ್ರೈವುಗಳು ಹೆಚ್ಚುಕಡಿಮೆ ಒಟ್ಟಿಗೇ ಹೋಗುವುದರಿಂದ, ಒಂದರ ಪ್ರತಿ ಇನ್ನೊಂದರಲ್ಲಿ ಉಂಟು ಎಂಬ ಧೈರ್ಯಕ್ಕೂ ಅರ್ಥವಿಲ್ಲ. ಇಲ್ಲಿ 'ಬಳಕೆಯಾದ ಶೇಕಡಾ' ನೋಡಿ ಏನೂ ಪ್ರಯೋಜನ ಇರಲಿಲ್ಲ. ಓಡಿದ ಗಂಟೆಗಳನ್ನು ಕೇಳಿ, ಸಮಯಕ್ಕೆ ಮೊದಲೇ ಫರ್ಮ್‌ವೇರ್ ಬದಲಾಯಿಸಿದವರು ಉಳಿದರು.

ನಾವು ಬಳಸುವ ಯುಎಸ್‌ಬಿ ಡ್ರೈವುಗಳಲ್ಲಿ ಇನ್ನೊಂದು ತೊಡಕು. ನಡುವಿನ ಚಿಪ್ಪು ಪ್ರಶ್ನೆಯನ್ನು ಮುಂದೆ ದಾಟಿಸದಿದ್ದರೆ ಸ್ಮಾರ್ಟ್‌ಸಿಟಿಎಲ್‌ಗೆ ಚಿಪ್ಪಿನ ಬಗೆಯನ್ನು ಬೇರೆಯಾಗಿ ಹೇಳಬೇಕಾಗ್ತದೆ. ಕೆಲವು ಚಿಪ್ಪುಗಳು ಏನು ಮಾಡಿದರೂ ದಾಟಿಸುವುದಿಲ್ಲ.

ಚರ್ಚೆಯಲ್ಲಿ ಒಬ್ಬ ಅಧ್ಯಾಪಕರು ಕೇಳಿದರು: ಡ್ರೈವನ್ನು ಬಳಸದೆ ಕಪಾಟಿನಲ್ಲಿಟ್ಟರೆ ಸುರಕ್ಷಿತವಲ್ಲವೇ?

ಅಲ್ಲ ಸರ್. ಫ್ಲ್ಯಾಶ್ ಕೋಶದಲ್ಲಿ ದತ್ತಾಂಶ ಅಂದ್ರೆ ಹಿಡಿದಿಟ್ಟ ವಿದ್ಯುದಂಶ, ಅದು ನಿಧಾನವಾಗಿ ಸೋರ್ತದೆ. ಸವೆತದ ಮಿತಿ ಮುಟ್ಟಿದ ಸಾಮಾನ್ಯ ಡ್ರೈವ್ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ದತ್ತಾಂಶ ಉಳಿಸಿಕೊಳ್ಳಬೇಕು ಎಂಬುದು ಜೆಡೆಕ್ ಮಾನದಂಡ. ಹೊಸ ಡ್ರೈವಿನಲ್ಲಿ ಹೆಚ್ಚು ಕಾಲ ಉಳೀತದೆ, ಶೆಕೆ ಏರಿದರೆ ಅವಧಿ ಇಳೀತದೆ. ನಮ್ಮೂರಿನ ಮೇ ತಿಂಗಳಲ್ಲಿ ಕಪಾಟಿನೊಳಗೆ 30 ಡಿಗ್ರಿ ದಾಟುವುದು ಹೊಸತೇನಲ್ಲ. ಮತ್ತೆ, ಓಡಿದ ಗಂಟೆಗಳ ಲೆಕ್ಕ ಕರೆಂಟು ಇದ್ದಾಗ ಮಾತ್ರ ಏರುವುದು. ಕಪಾಟಿನಲ್ಲಿ ಕಳೆದ ತಿಂಗಳುಗಳು ಆ ಪುಟದಲ್ಲಿ ಎಲ್ಲಿಯೂ ಇರುವುದಿಲ್ಲ. ಅದನ್ನು ನಾವೇ ಡ್ರೈವಿನ ಮೇಲೆ ಚೀಟಿ ಅಂಟಿಸಿ ಬರೆದಿಡಬೇಕು.