ಕಾವಲುಗಾರನಿಲ್ಲದ ಅಟ್ಟಣೆ

ಹರಿಹರದಲ್ಲಿ ತುಂಗಭದ್ರೆಯ ದಂಡೆಗೆ ನಿಂತವರಿಗೆ ಕಡಲು ಬಲು ದೂರದ ಮಾತು. ಆದರೆ 2013ರಲ್ಲಿ ಬಳಕೆಗೆ ಬಂದ ದಾಭೋಲ್–ಬೆಂಗಳೂರು ಅನಿಲ ಕೊಳವೆ ನಮ್ಮ ದಾವಣಗೆರೆಯ ಸೀಮೆಯನ್ನು ಹಾದುಹೋದ ಮೇಲೆ ಅರಬ್ಬೀ ಸಮುದ್ರದ ಚರಿತ್ರೆಯ ಒಂದೆಳೆ ನಮಗೂ ಅಂಟಿಕೊಂಡಿತು. ಆ ಕೊಳವೆಯಲ್ಲಿ ಹಡಗೇರಿ ಬಂದ ಪರದೇಶದ ಅನಿಲವುಂಟು. ಉತ್ತರದ ಕೊಳವೆಗಳೊಡನೆ ಬೆಸುಗೆಯಿರುವುದರಿಂದ ಮುಂಬಯಿ ಕಡಲಿನದೂ ಬೆರೆಯಬಲ್ಲದು. ಉರಿಯುವ ಒಲೆ ಕುಲಗೋತ್ರ ಕೇಳುವುದಿಲ್ಲ.

ಮುಂಬಯಿಯಿಂದ ಸುಮಾರು 160 ಕಿಲೋಮೀಟರು ಪಶ್ಚಿಮಕ್ಕೆ, 1974ರಲ್ಲಿ, ‘ಸಾಗರ ಸಮ್ರಾಟ್’ ಕೊರೆದಲ್ಲಿ ಎಣ್ಣೆ ಸಿಕ್ಕಿತು. 1976ರಲ್ಲಿ ಉತ್ಪಾದನೆ ಮೊದಲಾಯಿತು. ಅದೇ ವರ್ಷ ಬಸ್ಸೀನ್ ಅನಿಲ ಕ್ಷೇತ್ರವೂ ಪತ್ತೆಯಾಯಿತು. ಇಂಥ ಕ್ಷೇತ್ರಗಳಲ್ಲಿ ಬಾವಿಗಳು ಚದುರಿರುತ್ತವೆ. ಪ್ರತಿಯೊಂದು ಗುಂಪಿಗೂ ಊಟ, ವಸತಿ, ಜನ ಒದಗಿಸುವುದು ದುಬಾರಿ, ಅಪಾಯವೂ ಹೌದು. ಆದ್ದರಿಂದ ನೀರಿನಲ್ಲಿ ಉಕ್ಕಿನ ಕಾಲೂರಿ ಚಿಕ್ಕ ವೇದಿಕೆಗಳನ್ನು ನಿಲ್ಲಿಸುತ್ತಾರೆ. ಜೋಳದ ಹೊಲದ ಅಟ್ಟಣೆಯನ್ನು ನೆನೆಯಿರಿ. ಅದರ ಮೇಲೆ ಕವಣೆ ಹಿಡಿದವನು ಮಾತ್ರ ಇಲ್ಲ. ಬಾವಿಯ ಬಾಯಿಗಳು, ಕವಾಟಗಳು, ಒತ್ತಡದ ಮಾಪಕಗಳು, ಬಿಸಿಲಿನಿಂದ ವಿದ್ಯುತ್ತು ಪಡೆಯುವ ಹಲಗೆಗಳು, ಇಷ್ಟೇ ಅಲ್ಲಿಯ ಸಂಸಾರ. ಅನಿಲವು ಕಡಲತಳದ ಕೊಳವೆಯಲ್ಲಿ ದೊಡ್ಡ ವೇದಿಕೆಗೆ ಹೋಗುತ್ತದೆ. ಅಲ್ಲಿ ನೀರಿನಂಶ ಕಳೆದು, ಒತ್ತಡವೇರಿಸಿ, ದಡಕ್ಕೆ ಕಳಿಸುತ್ತಾರೆ. ಒತ್ತಡ ಥಟ್ಟನೆ ಕುಸಿದರೆ ಕವಾಟ ತಾನೇ ಮುಚ್ಚಿಕೊಳ್ಳುತ್ತದೆ.

ನಮ್ಮ ಕೈಗಾರಿಕೆಯ ನೆನಪುಗಳು ಬೇರೆಯವು. 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಆಗಲಿ, ದಾವಣಗೆರೆಯ ಹತ್ತಿ ಗಿರಣಿಯ ಮಗ್ಗವಾಗಲಿ, ಪಕ್ಕದಲ್ಲೊಬ್ಬ ಮನುಷ್ಯನಿಲ್ಲದೆ ನಡೆಯುತ್ತಿರಲಿಲ್ಲ. ಗಿರಣಿಯ ಕೂಗಿಗೆ ಊರೇ ಏಳುತ್ತಿತ್ತು.

ಜನರನ್ನು ಬೆಂಕಿಯಿಂದ ದೂರವಿಡುವುದು ಒಳ್ಳೆಯದೇ. 2005ರ ಜುಲೈ 27ರಂದು ಮುಂಬಯಿ ಹೈ ಉತ್ತರದ ವೇದಿಕೆಗೆ ಹಡಗೊಂದು ತಾಗಿ ಬೆಂಕಿಯೆದ್ದಾಗ 22 ಮಂದಿ ಅಳಿದರು. ಆದರೂ ‘ಮಾನವರಹಿತ’ ಎಂಬ ಮಾತು ನನಗೆ ಪೂರ್ತಿ ಒಪ್ಪಿಗೆಯಾಗದು. (ಈ ‘ರಹಿತ’ವನ್ನು ನಾವು ಕೊಂಚ ಧಾರಾಳವಾಗಿಯೇ ಹಚ್ಚುತ್ತೇವೆ.) ಉಪ್ಪುಗಾಳಿಗೆ ಉಕ್ಕು ತುಕ್ಕು ಹಿಡಿಯುತ್ತದೆ, ಕೆರೆಯಲು, ಬಣ್ಣ ಬಳಿಯಲು, ಬೆಸೆಯಲು ಆಳುಗಳು ಬರಲೇಬೇಕು. ಅಂಥವರು ತಂಗುವ, ಸ್ವಂತ ಎಂಜಿನ್ನಿಲ್ಲದ ಪಿ-305 ಎಂಬ ದೋಣಿಮನೆಯಲ್ಲಿ 2021ರ ಮೇ ತಿಂಗಳಲ್ಲಿ 261 ಮಂದಿಯಿದ್ದರು. ತೌಕ್ತೆ ಚಂಡಮಾರುತಕ್ಕೆ ಲಂಗರು ಕಿತ್ತು, 17ರಂದು ಅದು ಮುಳುಗಿತು. 70ಕ್ಕೂ ಹೆಚ್ಚು ಜನ ಮರಳಲಿಲ್ಲ. ಮುಳುಗುವ ಮುನ್ನ ದೋಣಿ ಒಂದು ವೇದಿಕೆಗೆ ಬಡಿದು ತೂತಾಯಿತೆಂದು ಬದುಕಿ ಬಂದವರು ಹೇಳಿದರು. ಆ ವೇದಿಕೆಯ ಮೇಲೆ ಯಾರೂ ಇರಲಿಲ್ಲ.