ಬೆಂಜೊ ಬೇಕಾ, ಬ್ಯಾಂಜೊ ಬೇಕಾ? ಒಂದೇ ಹೆಸರಿನ ಎರಡು ವಾದ್ಯಗಳ ಕಥೆ

ಈಗಲೇ ಫೋನ್ ತೆಗೆದು ಯಾವುದಾದರೂ ಶಾಪಿಂಗ್ ಆ್ಯಪ್‌ನಲ್ಲಿ ‘ಬ್ಯಾಂಜೊ’ ಅಂತ ಹುಡುಕಿ ನೋಡಿ. ಎರಡು ಥರದ ಫೋಟೊ ಬರುತ್ತವೆ. ಒಂದರಲ್ಲಿ ತಮಟೆಯಂಥ ದುಂಡನೆಯ ಮುಖ, ಅದಕ್ಕೆ ಗಿಟಾರಿನ ಹಾಗೆ ಉದ್ದನೆಯ ಕತ್ತು. ಇನ್ನೊಂದರಲ್ಲಿ ಉದ್ದನೆಯ ಪೆಟ್ಟಿಗೆ, ಅದರ ಮೇಲೆ ಹಳೇ ಟೈಪ್‌ರೈಟರ್‌ನಲ್ಲಿ ಇದ್ದ ಹಾಗೆ ಗುಂಡಿಗಳ ಸಾಲು. ಎರಡಕ್ಕೂ ತಂತಿ ಇದೆ ಅನ್ನೋದು ಬಿಟ್ಟರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದರ ಮೂಲ ಆಫ್ರಿಕಾ, ಇನ್ನೊಂದರದ್ದು ಜಪಾನ್. ಬಳ್ಳಾರಿಯ ಗಾಂಧಿನಗರದಲ್ಲಿ ಕೂತು ಮೊದಲ ವಾದ್ಯ ತರಿಸೋಣ ಅಂತ ಹೊರಟವರು ಈ ಎರಡರಲ್ಲಿ ಯಾವುದು ತಮಗೆ ಬೇಕಾದದ್ದು ಅಂತ ಮೊದಲೇ ತಿಳಿಯದಿದ್ದರೆ, ಡಬ್ಬಿ ಒಡೆದಾಗ ಬೇರೆಯೇ ವಾದ್ಯ ಇರುತ್ತದೆ. ಹಾಗಾಗಿ ಈ ಸಂಚಿಕೆ ಅರ್ಧ ಇತಿಹಾಸ, ಅರ್ಧ ಅಂಗಡಿ.

ಗೊಂದಲ ಬೇಡ ಅಂತ ಒಂದು ಒಪ್ಪಂದ ಮಾಡಿಕೊಳ್ಳೋಣ. ದುಂಡು ಮುಖದ್ದನ್ನು ‘ಬ್ಯಾಂಜೊ’ ಅನ್ನೋಣ. ಪೆಟ್ಟಿಗೆಯದ್ದನ್ನು, ನಮ್ಮ ಕಡೆ ಬಾಯಲ್ಲಿ ಬರುವ ಹಾಗೆ, ‘ಬೆಂಜೊ’ ಅನ್ನೋಣ.

ಮೊದಲು ಬ್ಯಾಂಜೊ. 2024ರಲ್ಲಿ ಬಿಯಾನ್ಸೆಯ ‘ಟೆಕ್ಸಾಸ್ ಹೋಲ್ಡ್ ಎಮ್’ ಬಂದಾಗ ರೀಲ್ಸ್‌ನಲ್ಲೆಲ್ಲ ಅದೇ ಹಾಡಿತ್ತು, ನೆನಪಿದೆಯಾ? ಅದರ ಶುರುವಿನಲ್ಲಿ ಟಣ್ ಟಣ್ ಅಂತ ಬರುತ್ತಲ್ಲ, ಅದು ಬ್ಯಾಂಜೊ. ನುಡಿಸಿದವರು ರಿಯಾನನ್ ಗಿಡ್ಡನ್ಸ್ ಎಂಬ ಕಪ್ಪು ಅಮೆರಿಕನ್ ಕಲಾವಿದೆ. ಅಮೆರಿಕದಲ್ಲೇ ಬಹಳ ಜನ ಬ್ಯಾಂಜೊ ಅಂದರೆ ಬಿಳಿಯ ರೈತರ ವಾದ್ಯ ಅಂದುಕೊಂಡಿದ್ದರು. ಅದರ ಬೇರು ಇರುವುದು ಪಶ್ಚಿಮ ಆಫ್ರಿಕಾದಲ್ಲಿ. ಸೆನೆಗಲ್, ಗ್ಯಾಂಬಿಯಾ ಕಡೆಯ ಜೋಲಾ ಜನರ ಬಳಿ ‘ಅಕೊಂಟಿಂಗ್’ ಎಂಬ ವಾದ್ಯ ಇವತ್ತಿಗೂ ಇದೆ: ಸೋರೆ ಬುರುಡೆ, ಅದರ ಬಾಯಿಗೆ ಚರ್ಮ, ಒಂದು ಕೋಲು, ತಂತಿ. ನಮ್ಮ ಏಕತಾರಿ ನೋಡಿದವರಿಗೆ ಇದು ಹೊಸದಲ್ಲ.

ಗುಲಾಮರನ್ನು ಹಡಗಿಗೆ ತುಂಬಿ ಅಟ್ಲಾಂಟಿಕ್ ದಾಟಿಸಿದಾಗ ಅವರ ಕೈಯಲ್ಲಿ ಏನೂ ಇರಲಿಲ್ಲ. ಆದರೆ ವಾದ್ಯ ಮಾಡುವ ವಿದ್ಯೆ ತಲೆಯಲ್ಲಿತ್ತು. 1687ರಲ್ಲಿ ಜಮೈಕಾಗೆ ಹೋದ ಹ್ಯಾನ್ಸ್ ಸ್ಲೋನ್ ಎಂಬ ವೈದ್ಯ, ಅಲ್ಲಿನ ಗುಲಾಮರು ಸೋರೆ ಬುರುಡೆಯಲ್ಲಿ ಮಾಡಿಕೊಂಡ ತಂತಿವಾದ್ಯಗಳನ್ನು ಕಂಡು, 1707ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅವುಗಳ ಚಿತ್ರ ಹಾಕಿಸಿದ. ಮುಂದೆ 1840ರ ದಶಕದಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು, ಕಪ್ಪು ಜನರನ್ನು ಅಣಕಿಸುವ ‘ಮಿನ್‌ಸ್ಟ್ರೆಲ್’ ಆಟಗಳಲ್ಲಿ ಇದೇ ಬ್ಯಾಂಜೊ ಹಿಡಿದರು. ಯಾರಿಂದ ಕಿತ್ತುಕೊಂಡರೋ ಅವರನ್ನೇ ಅಣಕಿಸಲು ಅವರದೇ ವಾದ್ಯ! ಆ ಥರದ ಆಟ ನಮ್ಮ ದೇಶಕ್ಕೂ ಬಂತು. 1860ರ ದಶಕದಲ್ಲಿ ಡೇವ್ ಕಾರ್ಸನ್ ಎಂಬ ನಟನ ತಂಡ ಮುಂಬೈ, ಕಲ್ಕತ್ತಾದಲ್ಲಿ ಆಟ ಕಟ್ಟಿ ಹೆಸರು ಮಾಡಿತ್ತು. ಬ್ಯಾಂಜೊ ಅನ್ನುವ ಪದ ನಮ್ಮ ಊರುಗಳಿಗೆ ತಲುಪಿದ್ದು ಬಹುಶಃ ಇಂಥ ದೊರೆಗಳ ದಾರಿಯಲ್ಲಿ. ವಾದ್ಯ ಮಾತ್ರ ಜನರ ಕೈಗೆ ಬರಲಿಲ್ಲ.

ಜನರ ಕೈಗೆ ಬಂದದ್ದು ಬೆಂಜೊ. ಅದರ ಕಥೆ ಶುರುವಾಗುವುದು ಜಪಾನಿನ ನಗೋಯಾ ಊರಿನಲ್ಲಿ, 1912ರಲ್ಲಿ. ಮೊರಿಟಾ ಗೋರೊ ಎಂಬಾತ ಜಪಾನಿನ ಹಳೆಯ ಎರಡು ತಂತಿಯ ವಾದ್ಯಕ್ಕೆ ಟೈಪ್‌ರೈಟರಿನ ಗುಂಡಿಗಳನ್ನು ಕೂಡಿಸಿದ. ಗುಂಡಿ ಒತ್ತಿದರೆ ಲೋಹದ ಪಟ್ಟಿ ತಂತಿಯ ಮೇಲೆ ಕೂರುತ್ತದೆ, ಬೇಕಾದ ಸ್ವರ ಬರುತ್ತದೆ. ಜಪಾನಿನಲ್ಲಿ ಅದೇ ವರ್ಷ ಹೊಸ ಚಕ್ರವರ್ತಿಯ ‘ತೈಶೊ’ ಕಾಲ ಶುರುವಾಗಿತ್ತು. ಅದಕ್ಕೇ ವಾದ್ಯದ ಹೆಸರು ‘ತೈಶೊಗೋಟೊ’. ಬೆಲೆ ಕಡಿಮೆ. ಗುಂಡಿಗಳಿಗೆ ನಂಬರ್ ಹಾಕಿದ್ದರಿಂದ ಸಂಗೀತ ಕಲಿಯದವರೂ ನಂಬರ್ ನೋಡಿ ಹಾಡು ನುಡಿಸಬಹುದಿತ್ತು.

ಇಲ್ಲಿಂದ ಮುಂದೆ ಕಥೆ ನನಗೆ ಬಹಳ ಇಷ್ಟ. ಈ ಪೆಟ್ಟಿಗೆ ವ್ಯಾಪಾರದ ಹಡಗು ಹತ್ತಿ ಇಡೀ ಹಿಂದೂ ಮಹಾಸಾಗರ ಸುತ್ತಿತು. ಕೀನ್ಯಾದ ಮೊಂಬಾಸಾಕ್ಕೆ ಹೋಗಿ ಅಲ್ಲಿನ ಮದುವೆಗಳ ‘ತಾರಬ್’ ಸಂಗೀತಕ್ಕೆ ಸೇರಿತು. ಬಾಲಿ ದ್ವೀಪದಲ್ಲಿ ಅದನ್ನು ‘ಮ್ಯಾಂಡೊಲಿನ್’ ಅಂತಲೂ ಕರೆದರು. ಬಲೂಚಿಸ್ತಾನದಲ್ಲಿ ಅದು ‘ಬೆಂಜು’ ಆಯಿತು. ಅವರು ಅದನ್ನು ದೊಡ್ಡದು ಮಾಡಿ, ಗಂಟೆಗಟ್ಟಲೆ ಕೂತು ಕೇಳುವ ಗಂಭೀರ ವಾದ್ಯವನ್ನಾಗಿಸಿದರು. ಬಿಲಾವಲ್ ಬೆಲ್ಜಿಯಂ ಅಂತ ಒಬ್ಬ ವಾದಕರಿದ್ದರು, ಹುಡುಕಿ ಕೇಳಿ. ಭಾರತದಲ್ಲಿ ಅದಕ್ಕೆ ‘ಬುಲ್‌ಬುಲ್ ತರಂಗ್’ ಅಂತ ಚೆಂದದ ಹೆಸರು ಸಿಕ್ಕಿತು, ಬುಲ್‌ಬುಲ್ ಹಕ್ಕಿಯ ದನಿಯ ಅಲೆಗಳು ಅಂತ. ಆದರೆ ಬೀದಿಯಲ್ಲಿ ಉಳಿದದ್ದು ಬೆಂಜೊ. ಕಣ್ಣೆದುರಿನ ಹೊಸ ಪೆಟ್ಟಿಗೆಗೆ, ಎಲ್ಲೋ ಕಿವಿಗೆ ಬಿದ್ದ ಪರದೇಶದ ತಂತಿವಾದ್ಯದ ಹೆಸರು. ಬಾಲಿಯವರೂ ಅದನ್ನೇ ಮಾಡಿದರು, ನಾವೂ ಅದನ್ನೇ ಮಾಡಿದೆವು.

ನಮ್ಮಲ್ಲಿ ಇದು ಇಷ್ಟು ಸಲೀಸಾಗಿ ಒಗ್ಗಿದ್ದು ಯಾಕೆ? ಒಂದು ಕಾರಣ ಹಾರ್ಮೋನಿಯಂ. 1875ರ ಸುಮಾರಿಗೆ ಕಲ್ಕತ್ತಾದ ದ್ವಾರಕಾನಾಥ ಘೋಷ್ ಕೈಪೆಟ್ಟಿಗೆಯ ಹಾರ್ಮೋನಿಯಂ ರೂಪಿಸಿದ ಮೇಲೆ ಅದು ಭಜನೆ, ಕವ್ವಾಲಿ, ನಾಟಕ ಎಲ್ಲಕ್ಕೂ ನುಗ್ಗಿತು. ಬಳ್ಳಾರಿ ಅಂದರೆ ಬಳ್ಳಾರಿ ರಾಘವರ ಊರು, ಬಯಲಾಟದ ಸೀಮೆ. ಸಿರುಗುಪ್ಪ, ಕುರುಗೋಡು ಕಡೆಯ ಯಾವ ಹಳ್ಳಿಗೆ ಹೋದರೂ ಹಾರ್ಮೋನಿಯಂ ಮಾಸ್ತರು ಅಂದರೆ ಯಾರು ಅಂತ ಹೇಳಿಕೊಡಬೇಕಾಗಿಲ್ಲ. ಎಡಗೈ ಗುಂಡಿಯ ಮೇಲೆ, ಬಲಗೈಗೆ ತಂತಿ ಮೀಟುವ ಬಿಲ್ಲೆ, ಪಕ್ಕದಲ್ಲಿ ಸದಾ ಶ್ರುತಿ ಹಿಡಿಯುವ ಒಂದೆರಡು ತಂತಿ. ಹಾರ್ಮೋನಿಯಂ ಕೇಳಿ ಬೆಳೆದ ಕಿವಿಗೆ ಬೆಂಜೊ ಅದರ ತಮ್ಮನ ಹಾಗೆ ಕೇಳಿಸಿತು. ಕವ್ವಾಲಿ ಮೇಳಗಳು ಅದನ್ನು ಎತ್ತಿಕೊಂಡವು. ಮುಂದೆ ಅದಕ್ಕೆ ಪಿಕಪ್ ಕಟ್ಟಿ ಸ್ಪೀಕರ್‌ಗೆ ಕೊಟ್ಟರು. ಮುಂಬೈನ ಗಣಪತಿ ಮೆರವಣಿಗೆಗಳಲ್ಲಿ ‘ಬೆಂಜೊ ಪಾರ್ಟಿ’ ಅನ್ನೋದೇ ಒಂದು ಕಸುಬಾಯಿತು, ಬೆಳಗಾವಿ, ವಿಜಯಪುರದ ಗಡಿ ಊರುಗಳಿಗೂ ಬಂತು. 2016ರಲ್ಲಿ ರವಿ ಜಾಧವ್ ನಿರ್ದೇಶನದಲ್ಲಿ, ರಿತೇಶ್ ದೇಶಮುಖ್ ನಟಿಸಿದ ‘ಬ್ಯಾಂಜೊ’ ಎಂಬ ಹಿಂದಿ ಸಿನಿಮಾ ಬಂದದ್ದು ಇವರ ಮೇಲೆಯೇ. ಅಷ್ಟರಲ್ಲಿ ಮೆರವಣಿಗೆಗಳಿಗೆ ಡಿಜೆ ಬಂದಾಗಿತ್ತು. ಐದಾರು ಜನ ಕೈಯಲ್ಲಿ ನುಡಿಸುತ್ತಿದ್ದ ಕಡೆ ಒಂದು ಲಾರಿ, ಒಂದು ಲ್ಯಾಪ್‌ಟಾಪ್ ಸಾಕು.

ಇದರಿಂದ ಕಲಿಯುವವರಿಗೆ ಏನು ನಷ್ಟ ಅಂತೀರಾ? ಕೇಳಿ. ವೀಣೆ, ಪಿಟೀಲು, ಕೊಳಲಿಗೆ ಜೂನಿಯರ್, ಸೀನಿಯರ್, ವಿದ್ವತ್ ಅಂತ ಪರೀಕ್ಷೆಗಳಿವೆ, ಪುಸ್ತಕ ಇದೆ. ಬೆಂಜೊಗೆ ಅಂಥ ಪರೀಕ್ಷೆಗಳಿಲ್ಲ. ಅದರ ವಿದ್ಯೆ ಹೆಚ್ಚಾಗಿ ಇರುವುದು ನುಡಿಸುವವರ ಬೆರಳಲ್ಲಿ. ಅವರು ಪೆಟ್ಟಿಗೆ ಅಟ್ಟದ ಮೇಲಿಟ್ಟು ಬೇರೆ ಕೆಲಸ ಹಿಡಿದರೆ ಆ ವಿದ್ಯೆಯೂ ಅಟ್ಟ ಹತ್ತಿದ ಹಾಗೆಯೇ.

ಶಾಸ್ತ್ರೀಯದವರು ಇದನ್ನು ದೂರ ಇಟ್ಟದ್ದಕ್ಕೂ ಕಾರಣ ಇದೆ, ಅದನ್ನು ಸುಮ್ಮನೆ ಮಡಿವಂತಿಕೆ ಅಂತ ತಳ್ಳಿಹಾಕಲಾಗದು. ಗುಂಡಿಯ ಸ್ವರ ಇದ್ದಲ್ಲೇ ಇರುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಗಮಕಕ್ಕೆ ಜಾಗ ಕಡಿಮೆ. ಇದೇ ತಕರಾರಿನ ಮೇಲೆ ಆಕಾಶವಾಣಿ 1940ರ ಮಾರ್ಚ್ 1ರಿಂದ ಹಾರ್ಮೋನಿಯಂ ಅನ್ನೇ ನಿಷೇಧಿಸಿತ್ತು. ರವೀಂದ್ರನಾಥ ಟ್ಯಾಗೋರರೂ ಆ ನಿಷೇಧದ ಪರವೇ ಇದ್ದರು. 1971ರ ನಂತರವೇ ಅದು ಸಡಿಲವಾದದ್ದು. ಅಷ್ಟು ವರ್ಷ ರೇಡಿಯೊ ಬೇಡ ಅಂದರೂ ಹಾರ್ಮೋನಿಯಂ ಸಾಯಲಿಲ್ಲ, ಯಾಕಂದರೆ ಅದಕ್ಕೆ ನಾಟಕ ಕಂಪನಿ ಇತ್ತು, ಮಾಸ್ತರರಿದ್ದರು. ಮ್ಯಾಂಡೊಲಿನ್‌ದು ಇನ್ನೊಂದು ದಾರಿ: ಆಂಧ್ರದ ಪಾಲಕೊಲ್ಲಿನಲ್ಲಿ 1969ರಲ್ಲಿ ಹುಟ್ಟಿದ ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ಗೆ ಐದು ಒಂಟಿ ತಂತಿ ಹಾಕಿಕೊಂಡು, ತಂತಿ ಎಳೆದು ಗಮಕ ತೆಗೆದು, ಕಚೇರಿಯ ವೇದಿಕೆಯಲ್ಲೇ ಕೂರಿಸಿದರು. ಬೆಂಜೊಗೆ ಬಲೂಚಿಗಳಲ್ಲಿ ಅಂಥವರು ಸಿಕ್ಕರು. ನಮ್ಮಲ್ಲಿ ಅದನ್ನು ಆಟಿಕೆ ಸಾಮಾನಿನ ಪಕ್ಕ ಇಟ್ಟು ಮಾರಿದ್ದೇ ಹೆಚ್ಚು.

ಈಗ ಅಂಗಡಿಗೆ ಹೋಗೋಣ.

ನಿಮಗೆ ಕಂಟ್ರಿ, ಬ್ಲೂಗ್ರಾಸ್, ಗಿಡ್ಡನ್ಸ್ ಥರದ ದನಿ ಬೇಕಿದ್ದರೆ ಬ್ಯಾಂಜೊ. ಅದರಲ್ಲೂ ಐದು ತಂತಿಯದ್ದು ಅಂತ ನೋಡಿಕೊಳ್ಳಿ. ನಾಲ್ಕು ತಂತಿಯದ್ದರ ಶೈಲಿಯೇ ಬೇರೆ. ಹಿಂಬದಿ ತೆರೆದದ್ದು ಹಗುರ, ದನಿ ಮೆತ್ತಗೆ, ಮನೆಯವರ ನಿದ್ದೆಗೂ ಒಳ್ಳೆಯದು. ಐದನೇ ತಂತಿ ಗಿಡ್ಡ, ಹೆಬ್ಬೆರಳಿಗೆ ಮೀಸಲು. 1780ರ ದಶಕದ ಸುಮಾರಿನ, ತೋಟದ ಗುಲಾಮರ ಒಂದು ಚಿತ್ರದಲ್ಲೇ ಈ ಗಿಡ್ಡ ತಂತಿ ಕಾಣುತ್ತದೆ. ಮಾಮೂಲಿ ಶ್ರುತಿ ಹೇಗಿದೆ ಗೊತ್ತಾ? ‘ಜಿ’ಯನ್ನು ಸ ಅಂತ ಇಟ್ಟುಕೊಂಡರೆ ಐದು ತಂತಿಗಳು ಮೇಲಿನ ಸ, ಕೆಳಗಿನ ಪ, ಸ, ಗ, ಪ. ಬರಿಗೈಲಿ ಮೀಟಿದರೂ ತಂಬೂರಿಯ ನೆನಪಾಗುತ್ತದೆ. ತೊಂದರೆ ಏನಂದರೆ ಸಾಮಾನ್ಯವಾಗಿ ಆನ್‌ಲೈನೇ ಗತಿ, ಬೆಲೆಯೂ ಜಾಸ್ತಿ, ಊರಲ್ಲಿ ತಪ್ಪು ತಿದ್ದುವವರು ಸಿಗೋದು ಕಷ್ಟ. ಪ್ಲಾಸ್ಟಿಕ್ ಮುಖದ್ದನ್ನೇ ಆರಿಸಿ. ಚರ್ಮದ್ದು ಮಳೆಗಾಲದಲ್ಲಿ ಸಡಿಲ, ಬಳ್ಳಾರಿ ಬೇಸಿಗೆಯಲ್ಲಿ ಬಿಗಿ. ಬಂದ ಕೂಡಲೇ ಕುದುರೆ ಸರಿಯಾದ ಜಾಗದಲ್ಲಿದೆಯಾ ನೋಡಿ. ಹನ್ನೆರಡನೇ ಮೆಟ್ಟಿಲಲ್ಲಿ ಒತ್ತಿದ ಸ್ವರ, ಬರಿ ತಂತಿಯ ಸ್ವರದ ಸರಿಯಾದ ಮೇಲಿನ ಜೋಡಿ ಆಗಿರಬೇಕು. ಆಗದಿದ್ದರೆ ಕುದುರೆಯನ್ನು ಸ್ವಲ್ಪ ಹಿಂದೆ ಮುಂದೆ ಸರಿಸಬೇಕು, ಅದು ಅಂಟಿಸಿದ್ದಲ್ಲ.

ಬೆಂಜೊ ಆದರೆ ಕೈಯಿಂದ ಮುಟ್ಟದೆ ಕೊಳ್ಳಬೇಡಿ. ಪ್ರತಿ ಗುಂಡಿಯನ್ನೂ ಒಂದೊಂದಾಗಿ ಒತ್ತಿ ಬಿಡಿ. ಒತ್ತಿದ್ದು ತಟ್ಟನೆ ಮೇಲೆ ಬರಬೇಕು, ಪಕ್ಕದ್ದಕ್ಕೆ ತಗುಲಬಾರದು. ಒತ್ತಿ ಹಿಡಿದು ಮೀಟಿದಾಗ ಜರ್ರ್ ಅಂದರೆ ಪಟ್ಟಿ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಆಮೇಲೆ ಬರಿ ತಂತಿಯನ್ನೂ, ಅದೇ ಸ್ವರದ ಮೇಲಿನ ಸ್ಥಾಯಿಯ ಗುಂಡಿಯನ್ನೂ ಒಂದರ ಹಿಂದೆ ಒಂದು ನುಡಿಸಿ. ಫೋನಿನಲ್ಲಿ ಟ್ಯೂನರ್ ಆ್ಯಪ್ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ತಪ್ಪಿದರೆ ಆ ಪೆಟ್ಟಿಗೆ ಯಾವತ್ತಿಗೂ ಅಪಸ್ವರವೇ, ಮೇಲಿನ ಬಣ್ಣಕ್ಕೆ ಮರುಳಾಗಬೇಡಿ. ಬಿರಡೆ ತಿರುಗಿಸುವ ಕೀಲಿ ಜೊತೆಗೇ ಇದೆಯಾ ಅಂತ ಕೇಳಿ. ಅದಿಲ್ಲದೆ ಮನೆಗೆ ಬಂದರೆ ಶ್ರುತಿ ಮಾಡೋದು ಹೇಗೆ? ಪಿಕಪ್ ಇರೋದನ್ನು ಮೊದಲೇ ತಗೊಳ್ಳೋದು ದಂಡ ಅಂತ ನನ್ನ ಅಭಿಪ್ರಾಯ. ಆ ದುಡ್ಡಿಗೆ ಎರಡು ಸೆಟ್ ತಂತಿ ಇಟ್ಟುಕೊಳ್ಳಿ.

ನನ್ನನ್ನು ಕೇಳಿದರೆ, ಗಾಂಧಿನಗರದವರು ಮೊದಲು ತಗೊಳ್ಳಬೇಕಾದದ್ದು ಬೆಂಜೊ. ಅಗ್ಗ ಅನ್ನೋದಕ್ಕಿಂತ ಹೆಚ್ಚಾಗಿ, ಅದನ್ನು ಬಲ್ಲವರು ಬಸ್ ಹತ್ತಿ ಹೋಗುವಷ್ಟು ದೂರದಲ್ಲಿ ಸಿಗುವ ಸಾಧ್ಯತೆ ಇದೆ ಅನ್ನೋದಕ್ಕೆ. ಮುಂದಿನ ಉರುಸಿನಲ್ಲಿ ಕವ್ವಾಲಿ ಮುಗಿದ ಮೇಲೆ, ಇಲ್ಲಾ ಯಾವುದಾದರೂ ಹಳೇ ಬ್ಯಾಂಡ್ ಸೆಟ್ಟಿನವರ ಹತ್ತಿರ ಹೋಗಿ, “ಚಾಚಾ, ಬೆಂಜೊ ನುಡಿಸೋರು ಯಾರಾದ್ರೂ ಇದಾರಾ?” ಅಂತ ಕೇಳಿ ನೋಡಿ. ಸಿಕ್ಕರೆ ಅಂಗಡಿಗೆ ಅವರನ್ನೇ ಕರ್ಕೊಂಡು ಹೋಗಿ. ಕಲಿಯುವಾಗ, ಅವರು ಒಪ್ಪಿದರೆ, ಫೋನ್ ರೆಕಾರ್ಡಿಂಗ್ ಆನ್ ಇರಲಿ. ಮನೆಗೆ ತಂದ ಮೊದಲ ವಾರ ಸಿನಿಮಾ ಹಾಡಿಗೆ ಕೈ ಹಾಕಬೇಡಿ. ಶ್ರುತಿ ತಂತಿ ಮೀಟುತ್ತಾ ಸ, ಪ, ಮೇಲಿನ ಸ, ಇಷ್ಟೇ. ಎಡಗೈ ಗುಂಡಿ ಒತ್ತುವುದೂ ಬಲಗೈ ಮೀಟುವುದೂ ಒಂದೇ ಕ್ಷಣಕ್ಕೆ ಬರೋಕೆ ಆ ಒಂದು ವಾರ ಬೇಕೇ ಬೇಕು.