ಮದರಾಸಿನ ಸರ್ಕಸ್ಸು ಮತ್ತು ನಾವು

ಕಳೆದ ವರ್ಷ ರಜೆಯ ದಿನಗಳಲ್ಲಿ ನಮ್ಮ ನಾಲ್ಕು ಸಂಸಾರಗಳು ಒಟ್ಟಾಗಿ ರಾತ್ರಿಯ ಆಟವೊಂದಕ್ಕೆ ಹೋಗಿದ್ದೆವು. ಸರ್ಕಸ್ಸೆಂದು ಹೇಳಿ ನಮ್ಮನ್ನು ಕರೆದೊಯ್ದಿದ್ದರು. ಹೋಗಿ ನೋಡಿದರೆ ಡೇರೆಯಿಲ್ಲ, ಹುಲಿಯಿಲ್ಲ, ಮರದ ಹೊಟ್ಟು ಚೆಲ್ಲಿದ ನೆಲವಿಲ್ಲ. ಮಂದವಾದ ದೀಪ, ಸುತ್ತಲೂ ಮೇಜು ಕುರ್ಚಿ, ನಡುವೆ ಗುಂಡನೆಯ ವೇದಿಕೆ, ಒಂದು ಮೂಲೆಯಲ್ಲಿ ವಾದ್ಯದವರು. ಗಾಯಕಿಯೊಬ್ಬಳು ಹಾಡುತ್ತಿರುವಂತೆಯೇ, ಮೇಲಿನಿಂದ ಇಳಿಬಿಟ್ಟ ಕೆಂಪು ಬಟ್ಟೆಯನ್ನು ಹಿಡಿದು ಒಬ್ಬ ತರುಣಿ ಮಾಡಿನವರೆಗೆ ಏರಿದಳು. ಅದೇ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಎರಡು ಕೈಗಳನ್ನೂ ಬಿಟ್ಟು, ತಲೆಕೆಳಗಾಗಿ ಉರುಳುತ್ತ ಬಂದು, ನೆಲಕ್ಕೆ ಇನ್ನೆರಡು ಮೊಳವಿದೆ ಎನ್ನುವಾಗ ನಿಂತಳು. ನಮ್ಮ ಮೇಜಿನ ಮೇಲಿದ್ದ ಶರಬತ್ತನ್ನು ಅಷ್ಟು ಹೊತ್ತು ಯಾರೂ ಮುಟ್ಟಿರಲಿಲ್ಲ.

ನಮ್ಮೊಡನೆ ತೊಂಬತ್ತರ ಹತ್ತಿರದ ಅಜ್ಜಿಯೊಬ್ಬರಿದ್ದರು. ಉಡುಪಿಯ ಕಡೆಯವರು, ತಂದೆ ಮೈಲಾಪುರದ ಹೊಟೇಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದುದರಿಂದ ಚಿಕ್ಕಂದಿನಲ್ಲಿಯೇ ಮದರಾಸನ್ನು ಕಂಡವರು. ಪಕ್ಕದಲ್ಲಿದ್ದ ಸೊಸೆಗೆ ಅವರು ಹೇಳಿದ್ದು ಇಷ್ಟು: “ಇದೇನು ಹೊಸದು ಮಾರಾಯ್ತಿ? ಎಲ್ಲ ಚಂದ್ರಲೇಖಾದಲ್ಲಿ ಕಂಡದ್ದೇ. ನಗಾರಿ ಒಂದು ಇಲ್ಲ, ಅಷ್ಟೆ.” ಅವರ ಮರಿಮಗಳು, ಹನ್ನೆರಡು ವರ್ಷದವಳು, ಬಟ್ಟೆಯ ಮೇಲಿಂದ ಕಣ್ಣು ತೆಗೆಯದೆ, “ನಾನೂ ಇದನ್ನು ಕಲಿಯುತ್ತೇನೆ ಅಮ್ಮ” ಎಂದಳು. “ಸುಮ್ಮನೆ ನೋಡು” ಎಂದು ತಾಯಿ ಗದರಿದಳು.

ಸುಮ್ಮನೆ ನೋಡುವುದು! ಸರ್ಕಸ್ಸಿನ ವಿಷಯದಲ್ಲಿ ನಮ್ಮ ಜನ ನೂರು ವರ್ಷಗಳಿಂದ ಮಾಡಿಕೊಂಡು ಬಂದಿರುವುದು ಇದನ್ನೇ ಅಲ್ಲವೆ? ಟಿಕೇಟಿಗೆ ಮುಗಿಬಿದ್ದಿದ್ದೇವೆ, ಉಸಿರು ಬಿಗಿಹಿಡಿದು ನೋಡಿದ್ದೇವೆ, ಚಪ್ಪಾಳೆ ತಟ್ಟಿದ್ದೇವೆ, ಮನೆಗೆ ಬಂದ ಮೇಲೆ “ಛೆ, ಆ ಹೆಂಗಸರ ಉಡುಪು!” ಎಂದಿದ್ದೇವೆ. ಈ ಸಂಚಿಕೆಗೆ ಏನಾದರೂ ಬರೆಯಬೇಕೆಂದಾಗ, ಆ ರಾತ್ರಿ ನಾವು ಕಂಡ ಆಟ ಎಲ್ಲಿಂದ ಬಂತು, ಅದನ್ನು ಆಡಿದವರು ಯಾರು ಎಂಬುದನ್ನು ವಾಚಕರ ಮುಂದಿಡೋಣವೆನಿಸಿತು.

ಇಂದಿನ ಸರ್ಕಸ್ಸಿನ ಹುಟ್ಟು ಕುದುರೆಯ ಗೊರಸಿನಲ್ಲಿದೆ. ಲಂಡನ್ನಿನಲ್ಲಿ 1768ರಲ್ಲಿ ಫಿಲಿಪ್ ಆಸ್ಟ್ಲಿ ಎಂಬ ಕುದುರೆ ಸವಾರನು ವೃತ್ತಾಕಾರವಾಗಿ ಸವಾರಿ ಮಾಡುತ್ತ ಕಸರತ್ತು ತೋರಿಸಲಾರಂಭಿಸಿದನು. ಓಡುವ ಕುದುರೆಯ ಬೆನ್ನಿನ ಮೇಲೆ ಮನುಷ್ಯ ಬೀಳದೆ ನಿಲ್ಲಬೇಕಾದರೆ ವೃತ್ತದ ಅಗಲ ಸುಮಾರು 42 ಅಡಿ ಇರಬೇಕೆಂದು ಆ ಕಾಲದಲ್ಲಿ ಕಂಡುಕೊಂಡದ್ದು ಇಂದಿಗೂ ಸರ್ಕಸ್ಸಿನ ಅಳತೆಯಾಗಿ ಉಳಿದಿದೆ. ನಮ್ಮ ದೇಶಕ್ಕೂ ಅದು ಕುದುರೆಯ ಮೇಲೆಯೇ ಬಂತೆನ್ನಬೇಕು. ಬೆಳಗಾವಿ ಸೀಮೆಗೆ ಸಮೀಪದ ಕುರುಂದವಾಡ ಸಂಸ್ಥಾನದಲ್ಲಿ ಅಶ್ವಶಿಕ್ಷಕರಾಗಿದ್ದ ವಿಷ್ಣುಪಂತ ಛತ್ರೆಯವರು, ಕಿಯಾರಿನಿ ಎಂಬ ಇಟಲಿಯವನ ಸರ್ಕಸ್ಸನ್ನು ಮುಂಬಯಿಯಲ್ಲಿ ಕಂಡು, ತಾವೂ ಮಾಡಿ ತೋರಿಸುವೆವೆಂದು ಹಟ ತೊಟ್ಟು, 1880ರ ಮಾರ್ಚಿಯಲ್ಲಿ ಅದೇ ಮುಂಬಯಿಯಲ್ಲಿ ತಮ್ಮ ಸರ್ಕಸ್ಸನ್ನು ನಡೆಸಿಯೇಬಿಟ್ಟರು. ಅವರು ಊರೂರು ತಿರುಗುತ್ತ ಮಲಬಾರಿನ ತಲಶ್ಶೇರಿಗೆ ಬಂದಾಗ ಕೀಲೇರಿ ಕುಂಞಿಕಣ್ಣನ್ ಎಂಬ ವ್ಯಾಯಾಮದ ಉಪಾಧ್ಯಾಯರ ಪರಿಚಯವಾಯಿತು. ಈ ಮಹಾಶಯರು ಕಲಿಸುತ್ತಿದ್ದದ್ದು ಬಾಸೆಲ್ ಮಿಶನ್ನಿನ ಶಾಲೆಯಲ್ಲಿ. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಅಚ್ಚು ಹಾಕಿದ ಮಿಶನ್ನೂ, ಕಿಟ್ಟೆಲರು ಬಂದು ಸೇರಿದ ಮಿಶನ್ನೂ ಅದೇ! ಕಳರಿಯ ಗರಡಿಯಲ್ಲಿ ಪಳಗಿದ ಮೈಕಟ್ಟಿಗೆ ಸರ್ಕಸ್ಸಿನ ವಿದ್ಯೆ ಬೆರೆತಿತು. 1901ರಲ್ಲಿ ಚಿರಕ್ಕರದಲ್ಲಿ ಕುಂಞಿಕಣ್ಣನ್ ಅವರು ತೆರೆದ ಶಾಲೆಯಿಂದ ಹೊರಬಿದ್ದವರು ಭಾರತದ ಸರ್ಕಸ್ಸುಗಳನ್ನೆಲ್ಲ ತುಂಬಿದರು.

ಹೆಂಗಸರೂ ಮೊದಲಿನಿಂದಲೇ ಇದ್ದರು. ವಂಗದೇಶದಲ್ಲಿ ಪ್ರಿಯನಾಥ ಬೋಸರ ಸರ್ಕಸ್ಸಿನಲ್ಲಿ ಸುಶೀಲಾಸುಂದರಿ ಎಂಬಾಕೆ ಹುಲಿಯ ಬೋನಿನೊಳಗೆ ನಡೆದು ಹೋಗುತ್ತಿದ್ದ ಕಾಲಕ್ಕೆ, ನಮ್ಮ ಕನ್ನಡ ನಾಟಕ ಕಂಪನಿಗಳಲ್ಲಿ ದ್ರೌಪದಿಯ ಪಾತ್ರಕ್ಕೆ ಮೀಸೆ ಬೋಳಿಸಿಕೊಂಡ ಗಂಡಸೇ ಗತಿ.

ಮದರಾಸಿಗೆ ಬರೋಣ. ಸೆಂಟ್ರಲ್ ರೈಲು ನಿಲ್ದಾಣದ ಬಳಿ ಹಿಂದೆ ಪೀಪಲ್ಸ್ ಪಾರ್ಕ್ ಎಂಬ ದೊಡ್ಡ ಉದ್ಯಾನವಿತ್ತು. ಗವರ್ನರ್ ಟ್ರೆವೆಲಿಯನ್ನನ ಕಾಲದ್ದು. ವರ್ಷಾಂತ್ಯದ ಜಾತ್ರೆ ನಡೆಯುತ್ತಿದ್ದದ್ದೂ, ಮುಂದೆ ಮೂರ್ ಮಾರ್ಕೆಟ್ಟು ಎದ್ದದ್ದೂ, ಊರಿಗೆ ಬಂದ ಸರ್ಕಸ್ಸಿನವರು ಡೇರೆ ಬಡಿಯುತ್ತಿದ್ದದ್ದೂ ಆ ಸುತ್ತಿನಲ್ಲಿಯೇ. 1886ರ ಡಿಸೆಂಬರ್ 31ರಂದು ಆ ಜಾತ್ರೆಗೆ ಬೆಂಕಿ ಬಿದ್ದು ನೂರಾರು ಮಂದಿ ಸತ್ತರು. ಸಂತೋಷಕ್ಕೆಂದು ಹೊರಟು ಹಿಂತಿರುಗದವರ ಮಾತು ಬಂದಾಗ ಕನ್ನಡಿಗರಾದ ನಮಗೆ ಬೇರೊಂದು ದಿನವೂ ನೆನಪಾಗುತ್ತದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿದು, ತೊಂಬತ್ತಕ್ಕೂ ಹೆಚ್ಚು ಜೀವಗಳು ಹೋದವು. ಅವರಲ್ಲಿ ಬಹುಪಾಲು ಮಕ್ಕಳು. ಆ ಮೇಲೆ ಎಷ್ಟೋ ಮನೆಗಳಲ್ಲಿ ಸರ್ಕಸ್ಸಿನ ಹೆಸರೆತ್ತುವಂತಿರಲಿಲ್ಲ.

ಇನ್ನು ಕ್ಯಾಬರೆಯ ಮಾತು. ಹೊಟೇಲಿನಲ್ಲಿ ಕುಡಿಯುತ್ತ ಉಣ್ಣುತ್ತ ನೋಡುವ ಆಟಕ್ಕೆ ಆ ಹೆಸರು. ಪ್ಯಾರಿಸಿನಲ್ಲಿ 1889ರಲ್ಲಿ ಮೂಲಾಂ ರೂಜ್ ಎಂಬ ಪ್ರಸಿದ್ಧ ಕುಣಿತದ ಮನೆಯನ್ನು ತೆರೆದ ಇಬ್ಬರಲ್ಲಿ ಒಬ್ಬನಾದ ಓಲೆ ಎಂಬವನು ಅದಕ್ಕೆ ಮೂರು ವರ್ಷ ಮೊದಲೇ ಅಲ್ಲಿ ಒಂದು ಸರ್ಕಸ್ಸನ್ನು ತೆರೆದಿದ್ದನು! ಆದ್ದರಿಂದ ಇವೆರಡರ ನಂಟು ಇಂದು ನೆನ್ನೆಯದಲ್ಲ. ಆದರೆ ನಮ್ಮ ಮದರಾಸಿನಲ್ಲಿ 1948ರಿಂದ ಪೂರ್ಣ ಪಾನನಿಷೇಧ. ಕುಡಿತವಿಲ್ಲದ ಊರಿನಲ್ಲಿ ಕ್ಯಾಬರೆ ಎಲ್ಲಿಂದ ಬಂದೀತು? ನಮ್ಮ ಊಹೆಯಂತೆ ಅದು ಹೊಟೇಲಿನಿಂದ ಸ್ಟುಡಿಯೋಕ್ಕೆ ಸಾಗಿತು. ಕೋಡಂಬಾಕದಲ್ಲಿ ರಟ್ಟು, ಸುಣ್ಣ, ಬಣ್ಣಗಳಿಂದ ಕಟ್ಟಿದ ‘ಕ್ಲಬ್ಬು’ಗಳಲ್ಲಿ ಖಳನಾಯಕನು ಬಣ್ಣದ ನೀರು ಕುಡಿಯುತ್ತ ಕುಳಿತಿರುವಾಗ ನರ್ತಕಿಯರು ಕುಣಿದರು. ಆ ಕಾಲದ ಕನ್ನಡ ಚಿತ್ರಗಳೂ ಬಹುಮಟ್ಟಿಗೆ ಇಲ್ಲಿಯೇ ತಯಾರಾಗುತ್ತಿದ್ದವಷ್ಟೆ. ಪತ್ತೇದಾರಿ ಕಥೆಯೆಂದರೆ ಅಂಥದೊಂದು ಕುಣಿತ ಕಡ್ಡಾಯವೆಂಬಂತಾಯಿತು.

ಆದರೆ ಸರ್ಕಸ್ಸನ್ನೂ ನಾಟ್ಯವನ್ನೂ ಒಂದೇ ಪರದೆಯ ಮೇಲೆ ಕಟ್ಟಿದವರು ಜೆಮಿನಿಯ ಎಸ್.ಎಸ್. ವಾಸನ್. ‘ಚಂದ್ರಲೇಖಾ’ ಚಿತ್ರ ತಮಿಳಿನಲ್ಲಿ 1948ರ ಏಪ್ರಿಲ್ 9ರಂದೂ, ಹಿಂದಿಯಲ್ಲಿ ಅದೇ ವರ್ಷದ ಡಿಸೆಂಬರಿನಲ್ಲಿಯೂ ತೆರೆಗೆ ಬಂತು. ತಯಾರಿಗೆ ಹಿಡಿದದ್ದು ಸುಮಾರು ಐದು ವರ್ಷ. ಖರ್ಚು ಮೂವತ್ತು ಲಕ್ಷ ರೂಪಾಯಿಯ ಆಸುಪಾಸು. ಅಂದಿನ ಮೂವತ್ತು ಲಕ್ಷ! ಟಿ.ಆರ್. ರಾಜಕುಮಾರಿ ನಾಯಕಿ. ಹಳ್ಳಿಯ ನರ್ತಕಿಯಾದ ಚಂದ್ರಲೇಖೆ ದುಷ್ಟ ರಾಜಕುಮಾರನ ಕೈಗೆ ಸಿಕ್ಕದೆ ತಪ್ಪಿಸಿಕೊಂಡು ಸರ್ಕಸ್ಸಿನವರಲ್ಲಿ ಆಶ್ರಯ ಪಡೆಯುತ್ತಾಳೆ. ಆ ದೃಶ್ಯಗಳಿಗಾಗಿ ವಾಸನ್ ಅವರು ಕಮಲಾ ಸರ್ಕಸ್ಸನ್ನೂ, ಪರಶುರಾಮ್ ಲಯನ್ ಸರ್ಕಸ್ಸನ್ನೂ ಗೊತ್ತುಮಾಡಿಕೊಂಡರು. ಹಾರುವವರು, ಬಫೂನರು, ಆನೆ, ಸಿಂಹ ಎಲ್ಲವೂ ನಿಜವಾದವೇ. ಕೊನೆಯಲ್ಲಿ ಅರಮನೆಯ ಅಂಗಳದ ನಗಾರಿಗಳ ನೃತ್ಯ. ಆಳೆತ್ತರದ ನಗಾರಿಗಳು ಸಾಲುಗಟ್ಟಿ ನಿಂತಿವೆ. ಅವುಗಳ ಮೇಲೆ ನೂರಾರು ನರ್ತಕಿಯರು ಕುಣಿಯುತ್ತಾರೆ. ಕುಣಿತ ಮುಗಿಯುವಷ್ಟರಲ್ಲಿ ನಗಾರಿಗಳ ಒಡಲಿನಿಂದ ಕತ್ತಿ ಹಿರಿದ ಯೋಧರು ಧುಮುಕುತ್ತಾರೆ. ಇಡೀ ದೇಶ ಅದನ್ನು ನೋಡಿ ಬೆರಗಾಯಿತು. ಅಜ್ಜಿ ಏಳು ದಶಕದ ಮೇಲೂ ಮರೆಯದೆ ಇರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ನಗಾರಿಯ ಮೇಲೆ ಕುಣಿದ ಆ ನೂರಾರು ಮಂದಿಯಲ್ಲಿ ಒಬ್ಬರ ಹೆಸರಾದರೂ ನಮ್ಮಲ್ಲಿ ಯಾರಿಗಾದರೂ ಗೊತ್ತೆ?

ಪ್ರಸಂಗವಶಾತ್ ಒಂದು ಮಾತು. ಜೆಮಿನಿ ಸ್ಟುಡಿಯೋ ಬೇರೆ, ಜೆಮಿನಿ ಸರ್ಕಸ್ಸು ಬೇರೆ. ಎರಡನೆಯದನ್ನು ಕಣ್ಣೂರು ಕಡೆಯ ಎಂ.ವಿ. ಶಂಕರನ್ ಅವರು 1951ರಲ್ಲಿ ಗುಜರಾತಿನ ಬಿಲಿಮೋರಾದಲ್ಲಿ ಆರಂಭಿಸಿ, ತಮ್ಮ ಜನ್ಮರಾಶಿಯಾದ ಮಿಥುನದ ಹೆಸರಿಟ್ಟರು. ವಾಸನ್ ಅವರೇ ಸರ್ಕಸ್ಸನ್ನೂ ನಡೆಸುತ್ತಿದ್ದರೆಂದು ನಮ್ಮ ಕೆಲವು ಹಿರಿಯರು ಇಂದಿಗೂ ವಾದಿಸುವುದುಂಟು. ಅವರ ಕ್ಷಮೆ ಕೋರುತ್ತೇವೆ.

ಇಷ್ಟೆಲ್ಲ ಹೇಳಿ ನಮ್ಮವರ ಮಾತೆತ್ತದಿದ್ದರೆ ತಪ್ಪಾದೀತು. ಆನೆ ಕುದುರೆಗಳನ್ನು ನಾಟಕದ ರಂಗಕ್ಕೇ ತಂದ ಗುಬ್ಬಿ ವೀರಣ್ಣನವರು ಕನ್ನಡಿಗರಲ್ಲವೆ? 1934ರಲ್ಲಿ ಅವರ ಕಂಪನಿ ಆಡಿದ ‘ಕುರುಕ್ಷೇತ್ರ’ದ ವೈಭವವನ್ನು ಕುರಿತು ಕೇಳದ ಕನ್ನಡ ಮನೆಯಿಲ್ಲ. ತಮಿಳು, ತೆಲುಗುಗಳಲ್ಲೂ ಆಡಿದ ಕಂಪನಿ ಅದು. ಹೆಂಗಸರ ಪಾತ್ರಕ್ಕೆ ಹೆಂಗಸರನ್ನೇ ತಂದ ಧೈರ್ಯವೂ ಅದರದೇ. ಅವರ ಪೈಕಿ ಬಿ. ಜಯಮ್ಮನವರು ಪ್ರಮುಖರು. ಈ ಜಯಮ್ಮನವರು 1945ರಲ್ಲಿ ಮದರಾಸಿನ ವಾಹಿನಿಯವರ ‘ಸ್ವರ್ಗಸೀಮ’ ಎಂಬ ತೆಲುಗು ಚಿತ್ರದಲ್ಲಿ ನಟಿಸಿದರು. ಬೀದಿಯಲ್ಲಿ ಆಡಿ ಹಾಡುವ ಹುಡುಗಿಯೊಬ್ಬಳು ರಂಗದ ತಾರೆಯಾಗಿ ಒಬ್ಬ ಗೃಹಸ್ಥನ ಸಂಸಾರವನ್ನು ಕೆಡಿಸುವ ಕಥೆ ಅದು. ಭಾನುಮತಿ ಆ ಹುಡುಗಿ. ಜಯಮ್ಮನವರು ಮನೆಯಲ್ಲಿ ಕಣ್ಣೀರಿಡುವ ಹೆಂಡತಿ. ಜೀವಮಾನವೆಲ್ಲ ರಂಗದ ಮೇಲೆ ಕಳೆದ ಹೆಣ್ಣುಮಗಳಿಂದಲೇ, ರಂಗದ ಹೆಣ್ಣು ಮನೆಮುರುಕಿ ಎಂಬ ಕಥೆಯನ್ನು ಆಡಿಸಿ, ನಾವು ನೋಡಿ ಮೆಚ್ಚಿದೆವು! ಇದನ್ನು ನೆನೆದರೆ ನಗು ಬರುತ್ತದೆ. ಸ್ವಲ್ಪ ನಾಚಿಕೆಯೂ ಆಗುತ್ತದೆ.

ಸರ್ಕಸ್ಸಿನ ಇಳಿಗಾಲದ ಕಥೆ ವಾಚಕರಿಗೆ ತಿಳಿದದ್ದೇ. 1998ರಲ್ಲಿ ಕೇಂದ್ರ ಸರ್ಕಾರ ಹುಲಿ, ಸಿಂಹ, ಚಿರತೆ, ಕರಡಿ, ಮಂಗಗಳನ್ನು ಆಡಿಸುವುದನ್ನು ನಿಷೇಧಿಸಿತು; 2001ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2011ರಲ್ಲಿ ಅದೇ ನ್ಯಾಯಾಲಯ ಮಕ್ಕಳನ್ನು ಸರ್ಕಸ್ಸಿನ ಕೆಲಸಕ್ಕೆ ಹಚ್ಚಬಾರದೆಂದು ಆದೇಶಿಸಿತು. ಎರಡೂ ನ್ಯಾಯವಾದದ್ದೇ, ಬೋನಿನ ಸಿಂಹದ, ಕದ್ದು ತಂದ ಕೂಸಿನ ದುಃಖವನ್ನು ಬಲ್ಲವರು ಬೇರೆ ಮಾತಾಡಲಾರರು. ಆದರೆ ಅದರೊಡನೆ ಡೇರೆಗಳೂ ಒಂದೊಂದಾಗಿ ಇಳಿದವು. ತಲಶ್ಶೇರಿಯಲ್ಲಿ 2010ರಲ್ಲಿ ಕೇರಳ ಸರ್ಕಾರವೇ ಆರಂಭಿಸಿದ ಸರ್ಕಸ್ ಅಕಾಡೆಮಿಯೂ ಬಹಳ ಕಾಲ ಬಾಳಲಿಲ್ಲ. ಇತ್ತ ಕೆನಡಾದ ಕ್ವಿಬೆಕ್ಕಿನಲ್ಲಿ 1984ರಲ್ಲಿ ಹುಟ್ಟಿದ ‘ಸರ್ಕ್ ದು ಸೋಲೇ’ ಎಂಬ ತಂಡವು ಮೃಗಗಳ ಗೋಜಿಲ್ಲದೆ, ಹಾಡು, ನಾಟ್ಯ, ಕಥೆ, ಬೆಳಕುಗಳನ್ನು ನೆಚ್ಚಿ ಲೋಕವನ್ನೇ ಗೆದ್ದಿತ್ತು. ಹುಲಿ ಹೋದ ಜಾಗದಲ್ಲಿ ಮನುಷ್ಯದೇಹವೊಂದೇ ಉಳಿಯಿತು. ಆ ರಾತ್ರಿ ನಾವು ಕಂಡದ್ದು ಇದರ ದೂರದ ಮರಿ.

ಆಟ ಮುಗಿದ ಮೇಲೆ ಕಾರಿಗಾಗಿ ಕಾಯುತ್ತ ನಿಂತಾಗ ಅಜ್ಜಿ ಇನ್ನೊಂದು ಸಂಗತಿ ಹೇಳಿದರು. ಅವರ ಚಿಕ್ಕಂದಿನಲ್ಲಿ ತಂದೆ ಒಂದು ಭಾನುವಾರ ಎಲ್ಲರನ್ನೂ ಮೂರ್ ಮಾರ್ಕೆಟ್ಟಿನ ಬಳಿಯ ಸರ್ಕಸ್ಸಿಗೆ ಕರೆದೊಯ್ದರಂತೆ. ಜೋಕಾಲಿಯ ಹುಡುಗಿಯರು ಥಳಥಳಿಸುವ ಗಿಡ್ಡ ಉಡುಪಿನಲ್ಲಿ ಬಂದೊಡನೆ ತಾಯಿ ಸೆರಗನ್ನು ಮುಖಕ್ಕೆಳೆದು ತಲೆ ತಗ್ಗಿಸಿ ಕುಳಿತವರು, ಸಿಂಹ ಬಂದಾಗ ಮಾತ್ರ ಎತ್ತಿದರಂತೆ. “ನಾನು ಮಾತ್ರ ಎಲ್ಲ ನೋಡಿದೆ” ಎಂದರು ಅಜ್ಜಿ. “ಮಾಡಿನ ಹತ್ತಿರ ಒಬ್ಬಳು ಇನ್ನೊಬ್ಬಳ ಕೈ ಹಿಡಿಯುವಾಗ ‘ಹಿಡಿ’ ಎಂದು ಕೂಗುತ್ತಿದ್ದಳು. ಯಾವ ಭಾಷೆಯೋ ಏನೋ. ಆದರೆ ಹಿಡಿ ಎಂದೇ ನನಗೆ ಕೇಳಿಸಿತು.”

ಮರಿಮಗಳು ಈಗ ಶನಿವಾರ ಸಂಜೆ ಜಿಮ್ನಾಸ್ಟಿಕ್ಸ್ ತರಗತಿಗೆ ಹೋಗುತ್ತಾಳೆ. ಅಂಗೈಯಲ್ಲಿ ಬೊಬ್ಬೆ ಎದ್ದಿದೆಯೆಂದು ತಾಯಿಯ ತಕರಾರು. ಅಜ್ಜಿ ಹರಳೆಣ್ಣೆ ಹಚ್ಚುತ್ತಾರೆ.